ಇಬ್ಬರು ಮಿಸೆಸ್ ಟಾರ್ವರ್

ಓಹಾಯೋ
ಸೆಪ್ಟೆಂಬರ್ 24, 1961

ಪ್ರೀತಿಯ ಚಿಕ್ಕಮ್ಮನಿಗೆ,

ನೀವು ಕಟ್ಟಿಕೊಟ್ಟ ಕರಿದ ಕೋಳಿ ಸಿನ್ಸಿನಾಟಿ ತಲುಪುವ ಮೊದಲೇ ಖಾಲಿಯಾಯಿತು. ಪಕ್ಕದ ಸೀಟಿನ ಹೆಂಗಸಿಗೂ ಒಂದು ತುಂಡು ಕೊಟ್ಟೆ, ಅದಕ್ಕೆ ಬಯ್ಯಬೇಡಿ. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಜೊತೆಗಾತಿ ಗ್ರೆಟ್ಚೆನ್ ಎಂಬ ಬಿಳಿ ಹುಡುಗಿ. ಪೆಟ್ಟಿಗೆ ಕೆಳಗಿಡುವ ಮೊದಲೇ ನನ್ನನ್ನು 'ಒಡೆಸ್ಸಾ, ಒಡೆಸ್ಸಾ' ಎನ್ನತೊಡಗಿದಳು. ನಮ್ಮೂರಿನ ಬಿಳಿಯರು ನಮ್ಮನ್ನು ಬರೀ ಹೆಸರಿನಿಂದ ಕೂಗುವುದು ನೆನಪಾಯಿತು. ಆಮೇಲೆ ನೋಡಿದರೆ ಇಲ್ಲಿ ಹುಡುಗಿಯರು ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆ, ತಾವೂ ಹಾಗೆಯೇ ಕರೆಸಿಕೊಳ್ಳುತ್ತಾರೆ. ಬಿಳಿ ಹುಡುಗಿಯೊಬ್ಬಳನ್ನು ಬರೀ 'ಗ್ರೆಟ್ಚೆನ್' ಎಂದು ನಾನು ಮೊದಲ ಸಲ ಕರೆದಾಗ ಯಾರಾದರೂ ಬಂದು ಬಾಗಿಲು ಬಡಿಯುತ್ತಾರೇನೋ ಎಂದು ಕಾದೆ. ಯಾರೂ ಬರಲಿಲ್ಲ.

ಸಮಾಜಶಾಸ್ತ್ರದ ಮೊದಲ ತರಗತಿಗೆ ಸೇರಿದ್ದೇನೆ. ಮೇಷ್ಟ್ರು ಡಾಕ್ಟರ್ ಲಿಂಡ್‌ಕ್ವಿಸ್ಟ್, ಒಳ್ಳೆಯ ಮನುಷ್ಯ. ಸಮಾಜ ಎಂಬುದು ಎಲ್ಲೋ ಮೋಡದ ಮೇಲೆ ಕೂತಿಲ್ಲವಂತೆ. ಯಾರು ಯಾರಿಗೆ ದಾರಿ ಬಿಡುತ್ತಾರೆ, ಯಾರು ಮೊದಲು ಮಾತಾಡುತ್ತಾರೆ, ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಅಲ್ಲೇ ಇದೆಯಂತೆ. ಪ್ರತಿಯೊಬ್ಬರಿಗೂ ಒಂದು ಸ್ಥಾನ, ಆ ಸ್ಥಾನಕ್ಕೊಂದು ಪಾತ್ರ. ಬರೆಯದ ನಿಯಮ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಒಮ್ಮೆ ಮುರಿದು ನೋಡಬೇಕಂತೆ. ಕ್ರಿಸ್‌ಮಸ್ಸಿನೊಳಗೆ ಅಂಥ ಒಂದು ನಿಯಮ ಮುರಿದು, ಏನಾಯಿತೆಂದು ಪ್ರಬಂಧ ಬರೆಯಬೇಕು. ಗ್ರೆಟ್ಚೆನ್ ಲಿಫ್ಟಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಾಳಂತೆ.

ನಾನು ರಜಕ್ಕೆ ಬಂದಾಗ, ನಿಮ್ಮನ್ನು 'ವೀನಿ' ಎಂದು ಕೂಗುವ ಔಷಧಿ ಅಂಗಡಿಯ ಮಿಸ್ಟರ್ ಪ್ರೂಯಿಟ್‌ನನ್ನು ಹೆಸರು ಹಿಡಿದು ಕರೆಯಲೇ? ಅವನ ಮುಖ ನೋಡಬೇಕು ನನಗೆ. ಮನೆಗೆ ಹೊಸ ಫೋನು ಹಾಕಿದರೇ?

ನಿಮ್ಮ ಒಡೆಸ್ಸಾ


ಹ್ಯಾಡ್‌ಲಿ ಫೆರಿ, ಜಾರ್ಜಿಯಾ
ಅಕ್ಟೋಬರ್ 8, 1961

ಒಡೆಸ್ಸಾ ಮರಿಗೆ,

ಪ್ರೂಯಿಟ್‌ನ ತಂಟೆಗೆ ಹೋದರೆ ನಿನ್ನ ಕಾಲು ಮುರಿಯುತ್ತೇನೆ. ನಿನಗೆ ಮಾರ್ಕು ಸಿಗುತ್ತದೆ, ನೀನು ಬಸ್ಸು ಹತ್ತುತ್ತೀ. ಇಲ್ಲಿ ಉಳಿಯುವವಳು ನಾನು. ಮತ್ತೆ ಅದು ಬರೆಯದ ನಿಯಮ ಎಂದು ನಿನ್ನ ಮೇಷ್ಟ್ರಿಗೆ ಹೇಳಿದವರು ಯಾರು? ಕರಿಯರ ಮಕ್ಕಳಿಗೆ ಅದು ಮೊಲೆ ಬಿಡುವ ಮೊದಲೇ ಬಾಯಿಪಾಠ. ಬಿಳಿ ಹೆಂಗಸಾದರೆ ಮಿಸೆಸ್. ನಮ್ಮವಳಾದರೆ ಬರೀ ಹೆಸರು, ಕೂದಲು ನರೆತ ಮೇಲೆ 'ಆಂಟಿ'. ಅವರ ಆಂಟಿ ನಾನು ಯಾವಾಗ ಆದೆನೋ, ಆ ದೇವರಿಗೇ ಗೊತ್ತು.

ಫೋನು ಬಂತು. ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ನಮ್ಮ ಪೈಂಡರ್ ಬೀದಿಗೆಲ್ಲ ಒಂದೇ ತಂತಿಯಾದ್ದರಿಂದ ಪಕ್ಕದ ಮನೆಯ ಮಿಸೆಸ್ ಮೋಸ್ಲಿ ನನ್ನ ಮಾತೆಲ್ಲ ಕೇಳಿಸಿಕೊಳ್ಳುತ್ತಾಳೆ, ನಡುವೆ ಕೆಮ್ಮುತ್ತಾಳೆ ಬೇರೆ. ಫೋನ್ ಕಂಪನಿಯಲ್ಲಿ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೂತಿದ್ದಳು. ತಲೆ ಎತ್ತದೆ "ಹೆಸರು?" ಎಂದಳು. "ಮಿಸೆಸ್ ಎಲ್. ಟಾರ್ವರ್" ಎಂದೆ. ತಲೆ ಎತ್ತದೆಯೇ ಬರೆದುಕೊಂಡಳು. ಎತ್ತಿದ್ದರೆ ಬರೆಯುತ್ತಿರಲಿಲ್ಲ.

ಈಗ ಊರಿನ ಫೋನ್ ಪುಸ್ತಕ ಅಚ್ಚಾಗಿ ಬಂದಿದೆ. ಅದರಲ್ಲಿ ಹೆಸರಿಗೆ ಮಿಸೆಸ್ ಅಂಟಿದ್ದರೆ ಬಿಳಿಯವಳು, ಇಲ್ಲದಿದ್ದರೆ ನಮ್ಮವಳು. ಹೀಗಂತ ಎಲ್ಲೂ ಅಚ್ಚಾಗಿಲ್ಲ, ಆದರೆ ಊರಿನ ಮಗುವಿಗೂ ಗೊತ್ತು. ಈ ಸಲ ನೋಡಿದರೆ ಇಬ್ಬರು ಮಿಸೆಸ್ ಟಾರ್ವರ್! ಮೊದಲು ನಾನು, ನನ್ನ ಕೆಳಗೆ 'ಮಿಸೆಸ್ ಲೂಶಿಯಸ್ ಟಾರ್ವರ್', ತೀರಿಹೋದ ಜಡ್ಜನ ಹೆಂಡತಿ. ಅಕ್ಷರಮಾಲೆ ಮಾಡಿದ ಕೆಲಸ ಅದು, ನನ್ನದೇನೂ ತಪ್ಪಿಲ್ಲ. ನಿನ್ನ ಚಿಕ್ಕಪ್ಪನ ಅಜ್ಜನನ್ನು ಆ ಜಡ್ಜನ ಅಜ್ಜ ಹೊಲದ ಜೊತೆಗೇ ಗುಲಾಮನಾಗಿ ಕೊಂಡುಕೊಂಡಿದ್ದ. ಹೊಲ ಅವರಿಗೇ ಉಳಿಯಿತು, ಹೆಸರು ಮಾತ್ರ ನಮಗೂ ಬಂತು.

ಗುರುವಾರ ಫೋನು ಬಡಿದುಕೊಂಡಿತು.

"ಹಲೋ, ಮಿಸೆಸ್ ಟಾರ್ವರ್ ಅವರಾ?"

"ಹೌದು."

"ಹೂದೋಟದ ಸಂಘದ ಟೀಗೆ ನೀವು ಬರ್ಲೇಬೇಕು ನೋಡಿ. ನಿಮ್ಮ ಕಮೀಲಿಯಾ ಗಿಡದ ವಿಷ್ಯ ಎಲ್ರೂ ಕೇಳ್ತಿದಾರೆ."

"ನನ್ನ ಹತ್ರ ಕಮೀಲಿಯಾ ಇಲ್ಲ. ಬೆಂಡೆ ಗಿಡ ಇದೆ, ತರ್ಲಾ?"

"ಅಯ್ಯೋ, ನೀವೊಬ್ರು, ಬರೀ ತಮಾಷೆ... ಒಂದ್ನಿಮಿಷ. ಯಾರು ನೀ... ವೀನಿ? ನೀನೇನೇ ಇದು? ಅಲ್ಲಿ ಹೋಗಿ ನೀನ್ಯಾಕೆ ಫೋನ್ ಎತ್ತಿದೆ?"

"ನನ್ನ ಮನೆ, ಮಿಸೆಸ್ ಕಾಬ್. ಅದಕ್ಕೆ ಎತ್ತಿದೆ."

ಟಪ್ ಎಂದು ಇಟ್ಟಳು, ನನ್ನ ಕೈಯಲ್ಲೇ ಉಡುಪು ಹೊಲಿಸಿಕೊಳ್ಳುವವಳು. ತಂತಿಯಲ್ಲಿ ಮಿಸೆಸ್ ಮೋಸ್ಲಿಗೆ ಕೆಮ್ಮು ಹತ್ತಿಕೊಂಡು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಹೊಟ್ಟೆಗೆ ಸರಿಯಾಗಿ ತಿನ್ನು.

ನಿನ್ನ ಚಿಕ್ಕಮ್ಮ


ಓಹಾಯೋ
ಅಕ್ಟೋಬರ್ 29, 1961

ಪ್ರೀತಿಯ ಚಿಕ್ಕಮ್ಮನಿಗೆ,

ನಿಮ್ಮ ಕಾಗದ ಓದಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಇನ್ನೂ ಯಾರ್ಯಾರು ಫೋನು ಮಾಡಿದರು? ಅವರು ಏನಂದರು, ನೀವು ಏನಂದಿರಿ, ಒಂದು ಮಾತೂ ಬಿಡದೆ ಬರೆಯಿರಿ. ದನಿ ಎಲ್ಲಿ ಬದಲಾಯಿತು ಎಂಬುದನ್ನೂ ಬರೆಯಿರಿ.

ನನ್ನ ಪ್ರಬಂಧಕ್ಕೆ ವಿಷಯ ಸಿಕ್ಕಿತು. ಏನೆಂದು ಈಗಲೇ ಹೇಳುವುದಿಲ್ಲ. ಪ್ರೂಯಿಟ್ ಬದುಕಿಕೊಂಡ ಎಂದು ತಿಳಿಯಿರಿ.

ನಿಮ್ಮ ಒಡೆಸ್ಸಾ


ಹ್ಯಾಡ್‌ಲಿ ಫೆರಿ
ನವೆಂಬರ್ 12, 1961

ಒಡೆಸ್ಸಾ ಮರಿಗೆ,

ಸದ್ಯ, ನೀನು ಪ್ರೂಯಿಟ್‌ನನ್ನು ಬಿಟ್ಟೆಯಲ್ಲ. ಲಿಫ್ಟಿನಲ್ಲಿ ತಿರುಗಿ ನಿಲ್ಲುವುದೇ ವಾಸಿ. ಅದರಿಂದ ಯಾರ ಗಂಟೂ ಹೋಗುವುದಿಲ್ಲ.

ಕೇಳಿದೆಯಲ್ಲ, ಹೇಳುತ್ತೇನೆ. ಮಂಗಳವಾರ ದೊಡ್ಡ ಮಿಸೆಸ್ ಟಾರ್ವರ್, ಆ ಜಡ್ಜನ ಹೆಂಡತಿ, ಸ್ವತಃ ನನ್ನ ಹೊಲಿಗೆ ಅಂಗಡಿಗೆ ಬಂದಳು. ಕೈಗೆ ಬಿಳಿ ಗವಸು ಹಾಕಿಕೊಂಡೇ ಬಂದಿದ್ದಳು, ತೆಗೆಯಲಿಲ್ಲ.

"ವೀನಿ, ನಿನ್ನೆ ನಮ್ಮ ಡಾಕ್ಟರು ನಾನು ಅಂದ್ಕೊಂಡು ನಿನಗೆ ಫೋನ್ ಮಾಡಿ, ನನ್ನ ಹೊಟ್ಟೆ ವಿಷ್ಯ ಎಲ್ಲಾ ಹೇಳ್ಬಿಟ್ಟಿದಾರೆ."

"ಹೌದು, ಮಿಸೆಸ್ ಟಾರ್ವರ್. ನಾನು ನೀವಲ್ಲ ಅಂತ ಹೇಳೋಕೂ ಬಿಡ್ಲಿಲ್ಲ ಅವರು. ಹಂದಿ ಮಾಂಸ ನಿಮಗೆ ಆಗಲ್ವಂತೆ."

ಅವಳ ಮುಖ ಬೀಟ್‌ರೂಟ್ ಆಯಿತು.

"ನೋಡು, ನಾನು ಯಾವತ್ತಾದ್ರೂ ನಿನ್ನ ಕೆಟ್ಟದಾಗಿ ನೋಡಿದ್ದೀನಾ? ಪುಸ್ತಕದಿಂದ ಆ ಮಿಸೆಸ್ ಅನ್ನೋದನ್ನ ತೆಗೆಸಿಬಿಡು. ಅದರಿಂದ ನಿನಗೆ ಏನು ಸಿಗುತ್ತೆ ಹೇಳು?"

"ನಿಮಗೆ ಏನು ಸಿಗುತ್ತೋ ಅದೇ."

"ಒಂದೇ ಊರಲ್ಲಿ ಇಬ್ಬರು ಮಿಸೆಸ್ ಟಾರ್ವರ್ ಇರೋಕೆ ಹೇಗಾಗುತ್ತೆ?"

"ಟಾರ್ವರ್ ಅನ್ನೋ ಗಂಡಸರು ಇಬ್ಬರಿದ್ರು. ಇಬ್ಬರೂ ಚರ್ಚಲ್ಲೇ ಮದುವೆ ಆದ್ರು. ಹಾಗೇ ಆಯ್ತು."

ಅವಳು ಹೋದ ಮೇಲೆ ನನ್ನ ಕೈ ನಡುಗಿತು, ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಹೆದರಿಕೆಯೋ ಸಿಟ್ಟೋ ಗೊತ್ತಿಲ್ಲ, ಎರಡೂ ಇರಬೇಕು. ಫೋನ್ ಕಂಪನಿಯ ಮ್ಯಾನೇಜರ್ ಹಾಲ್‌ಸ್ಟೆಡ್ ಕೂಡ ಬಂದಿದ್ದ. ಮಾತಾಡಿದೆವು, ಅಷ್ಟೇ. ಹೊಲಿಗೆ ಬೇಕಾದಷ್ಟಿದೆ, ಉಸಿರಾಡಲು ಪುರಸೊತ್ತಿಲ್ಲ. ನನ್ನ ಚಿಂತೆ ಬಿಟ್ಟು ಓದಿಕೋ.

ಇದನ್ನೆಲ್ಲ ನಿನ್ನ ಕಾಲೇಜಿನಲ್ಲಿ ಬಿಚ್ಚಿ ಹರವಬೇಡ. ನಾನು ನಿನಗೆ ಹೇಳಿದ್ದು, ಅವರಿಗಲ್ಲ.

ನಿನ್ನ ಚಿಕ್ಕಮ್ಮ


ಓಹಾಯೋ
ಡಿಸೆಂಬರ್ 10, 1961

ಪ್ರೀತಿಯ ಚಿಕ್ಕಮ್ಮನಿಗೆ,

ಕೂತುಕೊಂಡಿದ್ದೀರಾ? ನನ್ನ ಪ್ರಬಂಧಕ್ಕೆ ಎ ಬಂದಿದೆ! ಇಡೀ ತರಗತಿಯಲ್ಲಿ ಅತಿ ಹೆಚ್ಚು. ಮತ್ತೆ ಅದು ಯಾರ ಮೇಲೆ ಬರೆದದ್ದು ಎಂದುಕೊಂಡಿರಿ? ನಿಮ್ಮ ಮೇಲೆ! ಹೂದೋಟದ ಸಂಘ, ಬೆಂಡೆ ಗಿಡ, ಬಿಳಿ ಗವಸು, ಎಲ್ಲ ಹಾಕಿದ್ದೇನೆ. ಊರಿನ ಹೆಸರು ಮಾತ್ರ ಬದಲಿಸಿದ್ದೇನೆ, ಹೆದರಬೇಡಿ.

ಡಾಕ್ಟರ್ ಲಿಂಡ್‌ಕ್ವಿಸ್ಟ್ ಅದನ್ನು ತರಗತಿಗೆ ಗಟ್ಟಿಯಾಗಿ ಓದಿದರು. "ನಾನು ಇಷ್ಟು ವರ್ಷ ಪಾಠ ಮಾಡಿದ್ದರಲ್ಲಿ ಇದಕ್ಕಿಂತ ಸೊಗಸಾದ ಪ್ರಯೋಗ ನೋಡಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ರೆಟ್ಚೆನ್‌ಳ ಲಿಫ್ಟಿಗೆ ಬರೀ ಸಿ. ವಿದ್ವಾಂಸರ ಪತ್ರಿಕೆಗೆ ಕಳಿಸೋಣ ಎಂದೂ ಅವರು ಹೇಳುತ್ತಿದ್ದಾರೆ. ನಿಮ್ಮ ಬಗ್ಗೆ ಓಹಾಯೋದಲ್ಲಿ ಎಷ್ಟು ಜನ ಮಾತಾಡುತ್ತಿದ್ದಾರೆ ಗೊತ್ತೇ? ಪ್ರಬಂಧದ ಪ್ರತಿ ಇದರ ಜೊತೆಗಿದೆ. ಇದೇ ನನ್ನ ಕ್ರಿಸ್‌ಮಸ್ ಉಡುಗೊರೆ.

ಇಪ್ಪತ್ತಕ್ಕೆ ಹೊರಡುತ್ತೇನೆ. ಗೆಣಸಿನ ಪೈ ಮಾಡಿಡಿ.

ನಿಮ್ಮ ಒಡೆಸ್ಸಾ


ಹ್ಯಾಡ್‌ಲಿ ಫೆರಿ
ಡಿಸೆಂಬರ್ 15, 1961

ಒಡೆಸ್ಸಾ,

ಓದಿದೆ. ಅಕ್ಷರ ಚೆನ್ನಾಗಿದೆ.

ನಾನು ಪ್ರಯೋಗ ಮಾಡಲಿಲ್ಲ ಕಣೇ. ನನ್ನ ಹೆಸರು ಹೇಳಿದೆ. ಗ್ರೆಟ್ಚೆನ್ ಲಿಫ್ಟಿನಿಂದ ಹೊರಗೆ ಬಂದರೆ ಅವಳ ಆಟ ಮುಗಿಯಿತು. ನಾನು ಯಾವ ಬಾಗಿಲಿನಿಂದ ಹೊರಗೆ ಬರಲಿ? ನನ್ನ ಕೈ ನಡುಗಿದ್ದು ನಿನಗೆ ಮಾತ್ರ ಹೇಳಿದ್ದೆ. ಅದನ್ನೂ ಮೂರನೇ ಪುಟದಲ್ಲಿ ಹಾಕಿದ್ದೀ. ಅದಕ್ಕೂ ಚಪ್ಪಾಳೆ ಬಿತ್ತೇ?

ಕ್ರಿಸ್‌ಮಸ್ಸಿಗೆ ಬರಬೇಡ. ನನಗೆ ಕೆಲಸವಿದೆ.

ಮಿಸೆಸ್ ಎಲ್. ಟಾರ್ವರ್


ಓಹಾಯೋ
ಜನವರಿ 7, 1962

ಚಿಕ್ಕಮ್ಮನಿಗೆ,

ಹಬ್ಬಕ್ಕೆ ಹಾಸ್ಟೆಲ್ಲಿನಲ್ಲಿ ನಾನು, ಅಡುಗೆಯವರು, ಒಂದು ಬೆಕ್ಕು, ಇಷ್ಟೇ ಜನ. ನಿಮಗೆ ಸಿಟ್ಟು ಬಂದದ್ದು ನ್ಯಾಯವೇ. ಆದರೆ ಹೊಸ ವರ್ಷದ ದಿನ ಮನಸ್ಸು ತಡೆಯದೆ ಫೋನು ಮಾಡಿದೆ. ನಮ್ಮ ಊರಿನ ಆಪರೇಟರ್ ಏನಂದಳು ಗೊತ್ತೇ?

"ವೀನಿಗಾ? ಆ ಫೋನ್ ಈಗಿಲ್ಲಮ್ಮ. ತೆಗ್ದಾಯ್ತು."

ಅವಳ ದನಿಯಲ್ಲಿ ನಗು ಇತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅಂದರೆ ಅವರ ಮಾತೇ ನಡೆಯಿತು. ನೀವು ಫೋನೂ ಬಿಟ್ಟಿರಿ, ಮಿಸೆಸ್ಸೂ ಬಿಟ್ಟಿರಿ. ನನಗೆ ಒಂದು ಮಾತೂ ಹೇಳಲಿಲ್ಲ. ನನ್ನನ್ನು ಬರಬೇಡ ಎಂದದ್ದು ಇದನ್ನು ನೋಡಬಾರದೆಂದೇ ಇರಬೇಕು. ನೀವು ಸೋಲುವವರಲ್ಲ ಎಂದುಕೊಂಡಿದ್ದೆ. ನನ್ನ ಪ್ರಬಂಧದ ಕೊನೆಯ ಸಾಲು ಅದೇ ಆಗಿತ್ತು.

ಒಡೆಸ್ಸಾ


ಓಹಾಯೋ
ಫೆಬ್ರುವರಿ 11, 1962

ಪ್ರೀತಿಯ ಚಿಕ್ಕಮ್ಮನಿಗೆ,

ನಿಮ್ಮಿಂದ ಕಾಗದವಿಲ್ಲ. ಬರೆಯದಿದ್ದರೂ ಇದನ್ನು ಓದಿ.

ಮೊನ್ನೆ ತರಗತಿಯಲ್ಲಿ ಸ್ಥಾನಮಾನದ ಪಾಠ. ಡಾಕ್ಟರ್ ಲಿಂಡ್‌ಕ್ವಿಸ್ಟ್ ಸೀಮೆಸುಣ್ಣ ಹಿಡಿದುಕೊಂಡು, "ಇದಕ್ಕೆ ನಮ್ಮ ಲೂವೀನಿಯಾಗಿಂತ ಒಳ್ಳೆ ಉದಾಹರಣೆ ಬೇಕಾ?" ಎಂದರು. ಎಲ್ಲರೂ ಪ್ರೀತಿಯಿಂದಲೇ ನಕ್ಕರು. ಲೂವೀನಿಯಾ! ನಿಮ್ಮ ಪೂರ್ತಿ ಹೆಸರೇನೆಂದು ಕಾಫಿ ಕುಡಿಯುವಾಗ ಒಮ್ಮೆ ಕೇಳಿದ್ದರು, ನಾನೇ ಬಾಯಿಬಿಟ್ಟಿದ್ದೆ. ಅವರ ಬಾಯಲ್ಲಿ ಅದು ಪ್ರೂಯಿಟ್‌ನ 'ವೀನಿ'ಯಂತೆಯೇ ಕೇಳಿಸಿತು. ನಾನು ಎದ್ದು ನಿಂತೆ. ಏಳಬೇಕೆಂದು ಅಂದುಕೊಂಡಿರಲಿಲ್ಲ, ಎದ್ದಿದ್ದೆ.

"ಸರ್, ಅವರು ಮಿಸೆಸ್ ಟಾರ್ವರ್."

"ಖಂಡಿತ, ಒಡೆಸ್ಸಾ. ನಾನು ಅಭಿಮಾನದಿಂದ ಹೇಳಿದ್ದು."

"ನಮ್ಮೂರಲ್ಲೂ ಎಲ್ರೂ ಅಭಿಮಾನದಿಂದಾನೇ ಹಾಗೆ ಕರೆಯೋದು, ಸರ್. ನಾನು ನಿಮ್ಮ ಮನೆಯವರ ಬಗ್ಗೆ ಬರ್ದಿದ್ರೆ, ತರಗತೀಲಿ ಅವರನ್ನ ಏನಂತಿದ್ರಿ?"

ಅವರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. ಗ್ರೆಟ್ಚೆನ್ ನನ್ನ ಲಂಗ ಹಿಡಿದು ಎಳೆದಳು. ನಾನು ಕೂರಲಿಲ್ಲ. "ಮಿಸೆಸ್ ಲಿಂಡ್‌ಕ್ವಿಸ್ಟ್ ಅಂತಿದ್ದೆ" ಎಂದರು ಕೊನೆಗೆ, ಸಣ್ಣ ದನಿಯಲ್ಲಿ. ನನ್ನ ಪ್ರಬಂಧ ವಾಪಸ್ಸು ಕೊಡಿ, ಎಲ್ಲಿಗೂ ಕಳಿಸಬೇಡಿ ಎಂದೆ. ಕೊಟ್ಟರು. ಮುಂದಿನ ವರ್ಷದ ವಿದ್ಯಾರ್ಥಿವೇತನಕ್ಕೆ ಅವರೇ ಶಿಫಾರಸು ಮಾಡಬೇಕು. ಮಾಡುತ್ತಾರೋ ಇಲ್ಲವೋ, ಮಾಡದಿದ್ದರೆ ಬೇಡ.

ಆ ಪುಸ್ತಕದಲ್ಲಿ ನಿಮ್ಮ ಹೆಸರು ಹೇಗಾದರೂ ಇರಲಿ. ಇಲ್ಲಿ ನಲವತ್ತು ಜನಕ್ಕೆ ನೀವು ಮಿಸೆಸ್ ಟಾರ್ವರ್. ಬೇರೆ ಏನಾದರೂ ಅಂದರೆ ನಾನಿದ್ದೇನೆ.

ನಿಮ್ಮ ಒಡೆಸ್ಸಾ


ಹ್ಯಾಡ್‌ಲಿ ಫೆರಿ
ಮಾರ್ಚ್ 4, 1962

ನನ್ನ ಒಡೆಸ್ಸಾ ಮರಿಗೆ,

ಸೋತಿರಿ ಎಂದು ಬರೆದೆಯಲ್ಲ, ಅದನ್ನು ಓದಿ ಇಸ್ತ್ರಿ ಪೆಟ್ಟಿಗೆ ಎತ್ತಿ ಗೋಡೆಗೆ ಬಡಿಯುವಷ್ಟು ಸಿಟ್ಟು ಬಂತು. ಅದಕ್ಕೇ ಉತ್ತರ ಬರೆಯಲಿಲ್ಲ. ಈಗ ಕೇಳು.

ಆ ಫೋನನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನಾನೇ ತೆಗೆದೆ. ವಸಂತದಲ್ಲಿ ಬರುವ ಪುಸ್ತಕದಲ್ಲಿ ನನ್ನನ್ನು ಬರೀ 'ಲೂವೀನಿಯಾ ಟಾರ್ವರ್' ಎಂದು ಹಾಕುತ್ತೇನೆ, ಒಪ್ಪಿಕೋ ಎಂದು ಹಾಲ್‌ಸ್ಟೆಡ್ ಮೂರು ಸಲ ಬಂದ. ಮೂರನೇ ಸಲ ಅವನ ಕಣ್ಣೆದುರೇ ಬಟ್ಟೆ ಕತ್ತರಿಯಿಂದ ತಂತಿ ಕತ್ತರಿಸಿದೆ. ಒಳ್ಳೆಯ ಕತ್ತರಿ, ಬಾಯಿ ಹಾಳಾಯಿತು. ಫೋನನ್ನು ಬುಟ್ಟಿಯಲ್ಲಿ ಹಾಕಿಕೊಂಡು ಅವನ ಹಿಂದೆಯೇ ನಡೆದುಹೋಗಿ ಕಂಪನಿಯ ಮೇಜಿನ ಮೇಲಿಟ್ಟೆ.

"ಇದು ಮಿಸೆಸ್ ಟಾರ್ವರ್ ಅವರ ಫೋನು. ನಿಮ್ಮ ಪುಸ್ತಕದಲ್ಲಿ ಅವರಿಲ್ಲ ಅಂದ್ರೆ, ಇದು ಯಾರ್ದು ಅಂತ ನೀವೇ ಹುಡುಕ್ಕೊಳ್ಳಿ."

ಮಾರನೆಯ ದಿನ ಮಿಸೆಸ್ ಮೋಸ್ಲಿ ತನ್ನ ಫೋನನ್ನು ದಿಂಬಿನ ಚೀಲದಲ್ಲಿ ತುಂಬಿಕೊಂಡು ಹೊರಟಳು. "ನಿಮ್ಮ ಮಾತಿಲ್ದೆ ಈ ತಂತೀಲಿ ನನಗೇನಿದೆ ಕೆಲ್ಸ?" ಎಂದಳು. ಭಾನುವಾರ ಚರ್ಚಿನಲ್ಲಿ ಈ ಸುದ್ದಿ ಎದ್ದಿತು. ಆ ವಾರ ಮುಗಿಯುವುದರೊಳಗೆ ಹಾಲ್‌ಸ್ಟೆಡ್‌ನ ಮೇಜಿನ ಮೇಲೆ ಕೈಯಿಡಲು ಜಾಗವಿರಲಿಲ್ಲ. ನಮ್ಮವರ ಯಾವ ಮನೆಯಲ್ಲೂ ಈಗ ಫೋನಿಲ್ಲ.

ಹೊಲಿಗೆ ಬೇಕಾದಷ್ಟಿದೆ ಎಂದದ್ದು ಸುಳ್ಳು. ಬಿಳಿ ಹೆಂಗಸರು ನನ್ನ ಹತ್ತಿರ ಹೊಲಿಸುವುದನ್ನು ನವೆಂಬರಿನಲ್ಲೇ ನಿಲ್ಲಿಸಿದರು. ಮಿಸೆಸ್ ಕಾಬ್ ತನ್ನ ಅರ್ಧ ಹೊಲಿದ ಉಡುಪನ್ನು ಗುಂಡುಸೂಜಿ ಸಮೇತ ಎತ್ತಿಕೊಂಡು ಹೋದಳು. ಹೋಗಲಿ, ಚುಚ್ಚಿಸಿಕೊಳ್ಳಲಿ. ಅಂಗಡಿಯ ಗಾಜು ಒಡೆದರು, ರಟ್ಟು ಹಚ್ಚಿದ್ದೇನೆ. ಈಗ ಮೇಕನ್ ಪಟ್ಟಣದ ಎರಡು ಚರ್ಚುಗಳ ಹಾಡುಗಾರರಿಗೆ ನಿಲುವಂಗಿ ಹೊಲಿಯುತ್ತಿದ್ದೇನೆ. ಮೊದಲಿನಷ್ಟು ಸುಖವಿಲ್ಲ, ಉಪವಾಸವೂ ಇಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ಓದು ಬಿಟ್ಟು ಗಂಟುಮೂಟೆ ಕಟ್ಟಿಕೊಂಡು ಬರುತ್ತಿದ್ದೆ. ಇಲ್ಲದಿದ್ದರೆ ಇದನ್ನೂ ಬರೆದು ಇನ್ನೊಂದು ಎ ತೆಗೆದುಕೊಳ್ಳುತ್ತಿದ್ದೆ. ಎರಡೂ ನನಗೆ ಬೇಡವಾಗಿತ್ತು.

ನೀನು ಎದ್ದು ನಿಂತ ಕಾಗದವನ್ನು ಮಿಸೆಸ್ ಮೋಸ್ಲಿಗೆ ಓದಿ ಹೇಳಿದೆ. ನಡುವೆ ಕಾಗದ ಅವಳ ಕೈಗೆ ಕೊಟ್ಟೆ, ಉಳಿದದ್ದನ್ನು ಅವಳೇ ಓದಿದಳು. ಅಬ್ಬಾ, ನನ್ನ ಹುಡುಗಿ! ವಿದ್ಯಾರ್ಥಿವೇತನ ಹೋದರೆ ಹೋಗಲಿ. ಊರೂರಿನ ಚರ್ಚಿಗೆಲ್ಲ ನಿಲುವಂಗಿ ಹೊಲಿದಾದರೂ ನಿನ್ನನ್ನು ಓದಿಸುತ್ತೇನೆ.

ನಿನ್ನ ಚಿಕ್ಕಮ್ಮ


ಹ್ಯಾಡ್‌ಲಿ ಫೆರಿ
ಏಪ್ರಿಲ್ 29, 1962

ನನ್ನ ಒಡೆಸ್ಸಾ ಮರಿಗೆ,

ಲಿಂಡ್‌ಕ್ವಿಸ್ಟ್ ಶಿಫಾರಸು ಬರೆದರು ಎಂದು ತಿಳಿದು ಸಂತೋಷವಾಯಿತು. ತಪ್ಪು ತಿದ್ದಿಕೊಳ್ಳುವ ಮನುಷ್ಯ ಪರವಾಗಿಲ್ಲ.

ಇಲ್ಲಿಯ ಸುದ್ದಿ ಕೇಳು. ನಮ್ಮ ಫೋನುಗಳು ಹೋದ ಮೇಲೆ ತೊಂದರೆ ನಮಗಲ್ಲ, ಬಿಳಿ ಹೆಂಗಸರಿಗೆ ಶುರುವಾಯಿತು. ಅಡುಗೆಯವಳಿಗೆ "ನಾಳೆ ನೆಂಟರಿದ್ದಾರೆ, ಬೇಗ ಬಾ" ಎಂದು ಹೇಳಬೇಕಾದರೆ ಅವರೇ ಕಾರು ಹತ್ತಿ ಪೈಂಡರ್ ಬೀದಿಯ ಕೆಸರಿನಲ್ಲಿ ಬರಬೇಕು. ಬಂದರೂ ಅವಳು ಮನೆಯಲ್ಲಿದ್ದರಲ್ಲವೇ! ಒಬ್ಬಳ ಕಾರು ನಮ್ಮ ಚರಂಡಿಗೇ ಇಳಿಯಿತು, ನಮ್ಮ ಗಂಡಸರೇ ಎತ್ತಿ ಕೊಟ್ಟರು. ಆ ಹೆಂಗಸರೇ ಹಾಲ್‌ಸ್ಟೆಡ್‌ನ ಜೀವ ತಿಂದಿರಬೇಕು. ಒಂದು ಬೆಳಿಗ್ಗೆ ಹ್ಯಾಟು ಕೈಯಲ್ಲಿ ಹಿಡಿದುಕೊಂಡು ನಮ್ಮ ಮೆಟ್ಟಿಲ ಮೇಲೆ ನಿಂತಿದ್ದ.

"ಹೆಸರು ಹೇಗಿತ್ತೋ ಹಾಗೇ ಇರುತ್ತೆ. ಫೋನ್ ವಾಪಸ್ ತಗೊಂಡ್ಬಿಡಿ."

"ಯಾರು ತಗೋಬೇಕು?"

ಅವನು ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ.

"ನೀವು, ಮಿಸೆಸ್ ಟಾರ್ವರ್" ಎಂದ.

"ಮಿಸೆಸ್ ಮೋಸ್ಲಿ ಅವರನ್ನೂ ಹಾಗೇ ಹಾಕ್ಬೇಕು. ಈ ಬೀದಿಯಲ್ಲಿ ಮದುವೆ ಆದೋರೆಲ್ಲರನ್ನೂ."

ಅವನು ಆಗಲಿ ಎಂಬಂತೆ ತಲೆಯಾಡಿಸಿದ. ಬಾಯಿ ಬಿಟ್ಟು ಹೇಳುವ ತನಕ ನಾನು ಬಾಗಿಲಿನಿಂದ ಸರಿಯಲಿಲ್ಲ.

ನಿನ್ನೆ ಹೊಸ ಪುಸ್ತಕ ಬಂತು. ಮಿಸೆಸ್ ಮೋಸ್ಲಿ ಇದ್ದಾಳೆ, ನಮ್ಮವರೆಲ್ಲ ಇದ್ದಾರೆ. ಆಮೇಲೆ ಟಾರ್ವರ್ ಪುಟ ತೆಗೆದೆ. ನಾನಿದ್ದೇನೆ. ನನ್ನ ಕೆಳಗೆ ದೊಡ್ಡ ಮಿಸೆಸ್ ಟಾರ್ವರ್ ಇಲ್ಲ. ಹಿಂದೆ ಮುಂದೆ ಎಲ್ಲ ಹುಡುಕಿದೆ. ಕೊನೆಗೆ ನೋಡಿದರೆ ಅವಳ ನಂಬರಿನ ಪಕ್ಕ 'ಜಡ್ಜ್ ಲೂಶಿಯಸ್ ಟಾರ್ವರ್' ಎಂದಿದೆ. ನನ್ನ ಜೊತೆ ಒಂದೇ ಹೆಸರಿನಲ್ಲಿ ಇರಲಾರೆ ಎಂದು ಅವಳೇ ಹೋಗಿ ಬದಲಾಯಿಸಿದ್ದಾಳೆ. ಗೋರಿಯಲ್ಲಿ ಮಲಗಿರುವ ಗಂಡನಿಗೆ ಫೋನು ಬಿಟ್ಟುಕೊಟ್ಟು ತಾನು ಪುಸ್ತಕದಿಂದ ಹೊರಗೆ ಹೋಗಿದ್ದಾಳೆ.

ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಹಾಗೆಂದು ನಾನು ಸರಿಯಲಾರೆ. ಬೇಸಿಗೆ ರಜಕ್ಕೆ ನೀನು ಮನೆಗೆ ಬಾ. ಬರುವ ಮುಂಚೆ ಕಾಗದ ಹಾಕು. ಲಕೋಟೆಯ ಮೇಲೆ ಬೀದಿಯ ಹೆಸರು ಬರೆಯುವ ಕಷ್ಟ ಬೇಡ. ಈ ಊರಿನಲ್ಲಿ ಮಿಸೆಸ್ ಟಾರ್ವರ್ ಎಂದರೆ ಈಗ ಒಬ್ಬಳೇ.

ನಿನ್ನ ಚಿಕ್ಕಮ್ಮ